ಲೋಟ ಹಿಡಿದ ಹುಡುಗ, ಕ್ಯಾಲೆಂಡರ್ ಹಿಡಿದ ಕೋಚ್

ಅಮೆರಿಕದ ಕಾಲೇಜು ಕ್ರೀಡೆಗಳ ಯಜಮಾನ ಸಂಸ್ಥೆಯ ಹೆಸರು ಎನ್‌ಸಿಎಎ, ಅಂದರೆ ನ್ಯಾಷನಲ್ ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್. 2024ರ ಜೂನ್ ಕೊನೆಯ ವಾರ ಅದರ ಹಿರಿಯರು ಸಭೆ ಸೇರಿ, ಮೊದಲ ದರ್ಜೆಯ ಆಟಗಾರರ ನಿಷಿದ್ಧ ವಸ್ತುಗಳ ಪಟ್ಟಿಯಿಂದ ಗಾಂಜಾವನ್ನು ತೆಗೆದುಹಾಕಿದರು. ಗಾಂಜಾ ಸೇದಿದರೆ ಆಟವೇನೂ ಸುಧಾರಿಸುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಇಷ್ಟು ತಿಳಿಯಲು ಅವರಿಗೆ ಮೂತ್ರ ಪರೀಕ್ಷೆ ಶುರುವಾದ 1986ರಿಂದ ಅಲ್ಲಿಯವರೆಗಿನ ಕಾಲವೂ, ಲೆಕ್ಕವಿಡಲಾಗದಷ್ಟು ಲೋಟ ಮೂತ್ರವೂ ಬೇಕಾಯಿತು. ಗಾಂಜಾ ಏರಿಸಿದವನು ಎದ್ದು ಫ್ರಿಜ್‌ವರೆಗೆ ನಡೆದರೆ ಅದೇ ದೊಡ್ಡದು ಎಂದು ಯಾವ ಹಾಸ್ಟೆಲ್ ವಾರ್ಡನ್‌ನನ್ನು ಕೇಳಿದ್ದರೂ ಅಂದೇ ಹೇಳಿಬಿಡುತ್ತಿದ್ದ. ಪಾಪ, ಯಾರೂ ಕೇಳಲಿಲ್ಲ.

ನಿರ್ಣಯದ ಜೊತೆಗೆ ಒಂದು ಕ್ಷಮಾದಾನವೂ ಬಂತು. ಗಾಂಜಾಕ್ಕಾಗಿ ಶಿಕ್ಷೆ ಅನುಭವಿಸುತ್ತಿರುವವರು ಇಂದಿನಿಂದಲೇ ಮುಕ್ತರು! ಶಿಕ್ಷೆ ಮುಗಿಸಿ, ಆಟವೂ ಮುಗಿದು, ಈಗ ಎಲ್ಲೋ ವಿಮೆ ಮಾರಿಕೊಂಡಿರುವ ಹಳಬರಿಗೆ ಏನು ಕೊಡುತ್ತಾರೆ ಎಂದು ಕೇಳಬೇಡಿ. ಅವರು ಅವಸರ ಮಾಡಿದರು. ಸ್ವಲ್ಪ ತಡವಾಗಿ ಹುಟ್ಟಿ, ಆಮೇಲೆ ಸೇದಬೇಕಿತ್ತು.

ಈ ಸಂಸ್ಥೆಗೆ ಪಾಪಪುಣ್ಯವನ್ನು ಅಳೆಯಲು ಧರ್ಮಶಾಸ್ತ್ರ ಬೇಕಿಲ್ಲ, ನ್ಯಾನೋಗ್ರಾಂ ಸಾಕು. ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು. 2022ರ ಆರಂಭದವರೆಗೆ ಒಂದು ಮಿಲಿಲೀಟರ್ ಮೂತ್ರದಲ್ಲಿ 35 ನ್ಯಾನೋಗ್ರಾಂ ಗಾಂಜಾದ ಅಂಶವಿದ್ದವನು ಸಜ್ಜನ, ಅದರ ಮೇಲೆ ಹೋದವನು ದುರ್ಜನ. ಆ ಫೆಬ್ರವರಿಯಲ್ಲಿ ಮಿತಿ 150ಕ್ಕೆ ಏರಿತು. ಹುಡುಗರು ಬದಲಾಗಲಿಲ್ಲ, ಸೊಪ್ಪೂ ಬದಲಾಗಲಿಲ್ಲ, ಸಾವಿರಾರು ದುರ್ಜನರು ಒಂದೇ ರಾತ್ರಿಯಲ್ಲಿ ಸಜ್ಜನರಾದರು. ಎರಡೇ ವರ್ಷಕ್ಕೆ ಮಿತಿಯೇ ಮಾಯ. ಅತ್ತ ಒಲಿಂಪಿಕ್ಸ್‌ನವರು 2013ರಲ್ಲೇ 150 ಎಂದು ಬರೆದುಕೊಂಡಿದ್ದರು. ಅಂದರೆ ಒಂಬತ್ತು ವರ್ಷ ಕಾಲ, ಒಲಿಂಪಿಕ್ ಚಿನ್ನಕ್ಕೆ ಓಡಲು ಯೋಗ್ಯವಾದ ಅದೇ ದೇಹ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಹೆಲ್ಮೆಟ್ ತೊಡಲು ಅಯೋಗ್ಯವಾಗಿತ್ತು.

ಇದರ ಸೊಗಸು ಪೂರ್ತಿಯಾಗಿ ಕಂಡದ್ದು 2015ರ ಜನವರಿಯಲ್ಲಿ. ಒರೆಗಾನ್ ವಿಶ್ವವಿದ್ಯಾಲಯದ ಒಬ್ಬ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿದು ಓಡುವವನು, ಹೊಸ ವರ್ಷದ ದಿನ ರೋಸ್ ಬೌಲ್ ಎಂಬ ಋತುವಿನ ಕೊನೆಯ ದೊಡ್ಡ ಪಂದ್ಯದಲ್ಲಿ ಚೆಂಡನ್ನು ಎರಡು ಸಲ ಎದುರಾಳಿಯ ಗೆರೆ ದಾಟಿಸಿ (ಅದೇ ಟಚ್‌ಡೌನ್) ತಂಡವನ್ನು ಫೈನಲ್‌ಗೆ ಮುಟ್ಟಿಸಿದ. ಫೈನಲ್‌ನ ಹೊತ್ತಿಗೆ ಆಸಾಮಿ ಅಮಾನತು. ಮೂತ್ರದಲ್ಲಿ ಗಾಂಜಾ ಸಿಕ್ಕಿತಂತೆ ಎಂದು ಪತ್ರಿಕೆಗಳು ಬರೆದವು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಇದೇ ಒರೆಗಾನ್ ರಾಜ್ಯದ ಮತದಾರರು ಗಾಂಜಾವನ್ನು ಕಾನೂನುಬದ್ಧ ಮಾಡಿ ವೋಟು ಹಾಕಿದ್ದರು. ಎದುರಾಳಿ ಓಹಾಯೋ ಸ್ಟೇಟ್ ಫೈನಲ್ ಪಂದ್ಯವನ್ನು 42-20ರಿಂದ ಗೆದ್ದುಕೊಂಡಿತು.

ಇನ್ನು ಪರೀಕ್ಷೆ ಎಂಬ ಕರ್ಮಕಾಂಡ. ನೂರೈವತ್ತು ಕಿಲೋ ತೂಗುವ, ಎದುರಾಳಿಯನ್ನು ಒಂದೇ ಗುದ್ದಿಗೆ ಮಲಗಿಸುವ ಆಳು ಕೈಯಲ್ಲೊಂದು ಪ್ಲಾಸ್ಟಿಕ್ ಲೋಟ ಹಿಡಿದು ಶೌಚಾಲಯಕ್ಕೆ ಹೋಗುತ್ತಾನೆ. ಪಕ್ಕದಲ್ಲಿ ನಿಂತು ನೋಡಲೆಂದೇ ಸಂಬಳ ಪಡೆಯುವ ಒಬ್ಬ ಅಧಿಕಾರಿ ಇರುತ್ತಾನೆ. ಮೂತ್ರ ಅದೇ ದೇಹದಿಂದ, ಅದೇ ಹೊತ್ತಿಗೆ, ಅದೇ ಲೋಟಕ್ಕೆ ಬಿತ್ತೇ ಎಂದು ಕಣ್ಣಾರೆ ಕಂಡು ಸಹಿ ಹಾಕುವುದು ಅವನ ಉದ್ಯೋಗ. ಹುಡುಗನಿಗೆ ನಾಚಿಕೆಯಿಂದ ಬರದಿದ್ದರೆ ಕಾಯಬೇಕು. ಬರಲೆಂದು ನೀರು ಕುಡಿದು ಮೂತ್ರ ತೀರ ತೆಳುವಾದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಕಾಯಬೇಕು. ವಿಶ್ವವಿದ್ಯಾಲಯದಲ್ಲಿ ಅವನ ಹಾಜರಾತಿಯನ್ನು ಇಷ್ಟು ಶ್ರದ್ಧೆಯಿಂದ ಗಮನಿಸಿದ್ದರೆ ಅವನು ಇಷ್ಟು ಹೊತ್ತಿಗೆ ಪಿಎಚ್‌ಡಿ ಮುಗಿಸಿರುತ್ತಿದ್ದ.

ಯಾವುದನ್ನು ತಿನ್ನಬಾರದು, ಯಾವುದನ್ನು ಕುಡಿಯಬಾರದು? ಎನ್‌ಸಿಎಎ ವರ್ಷ ವರ್ಷ ಪಟ್ಟಿ ಹೊರಡಿಸುತ್ತದೆ. ಆ ಪಟ್ಟಿಯಲ್ಲೇ ಒಂದು ಮಾತಿದೆ: ನಿಷಿದ್ಧ ವಸ್ತುಗಳ ಪೂರ್ತಿ ಪಟ್ಟಿ ಎಂಬುದು ಇಲ್ಲ. ಇಲ್ಲಿ ಹೆಸರಿಲ್ಲದ್ದೂ ನಿಷಿದ್ಧವಾಗಿರಬಹುದು, ನುಂಗುವ ಮುನ್ನ ವಿಚಾರಿಸಿಕೊಳ್ಳುವುದು ಆಟಗಾರನ ಹೊಣೆ. ಹತ್ತೊಂಬತ್ತರ ಹುಡುಗ ರಸಾಯನಶಾಸ್ತ್ರದಲ್ಲಿ ಪಾಸಾಗದಿದ್ದರೂ ಡಬ್ಬದ ಮೇಲಿನ ಸಣ್ಣಕ್ಷರದಲ್ಲಿ ಅಣುವಿನ ಬಂಧುಬಳಗವನ್ನು ಗುರುತಿಸಬೇಕು. ಕಾಫಿಗೂ ಇಲ್ಲಿ ಮಿತಿಯುಂಟು, ಮಿಲಿಲೀಟರಿಗೆ 15 ಮೈಕ್ರೋಗ್ರಾಂ ಕೆಫೀನ್. ಒಲಿಂಪಿಕ್ಸ್‌ನವರು ಕೆಫೀನನ್ನು 2004ರಲ್ಲೇ ಕೈಬಿಟ್ಟರು. ಆದರೆ ಒಲಿಂಪಿಕ್ಸ್ ಎಂದರೆ ಬರೀ ಆಟ ತಾನೇ, ಇದು ಶಿಕ್ಷಣ!

2015ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ವಿಲ್ ಗ್ರಿಯರ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸಪ್ಲಿಮೆಂಟ್ ಒಂದನ್ನು ತಂಡದ ವೈದ್ಯರನ್ನು ಕೇಳದೆ ತೆಗೆದುಕೊಂಡ. ತಂಡ ಆರಕ್ಕೆ ಆರೂ ಪಂದ್ಯ ಗೆದ್ದು ಬೀಗುತ್ತಿದ್ದಾಗ ಅವನಿಗೆ ಒಂದು ವರ್ಷದ ನಿಷೇಧ ಬಿತ್ತು. ಇಲ್ಲೊಂದು ಸಣ್ಣ ಸಂಗತಿ ಹೇಳಿಬಿಡುತ್ತೇನೆ. 1965ರಲ್ಲಿ ಇದೇ ವಿಶ್ವವಿದ್ಯಾಲಯದ ವೈದ್ಯರು ಫುಟ್‌ಬಾಲ್ ಹುಡುಗರು ಬಿಸಿಲಿನಲ್ಲಿ ಸುಸ್ತಾಗದಿರಲೆಂದು ಒಂದು ಪಾನೀಯ ಕಲಸಿದರು. ಅದೇ ಗೇಟರೇಡ್. ವಿಶ್ವವಿದ್ಯಾಲಯ ಅದರಿಂದ ಕೋಟ್ಯಂತರ ಡಾಲರ್ ರಾಯಧನ ಎಣಿಸಿದೆ. ಬಾಟಲಿಯಿಂದ ಆಟ ಸುಧಾರಿಸುವುದು ತಪ್ಪಲ್ಲ, ಬಾಟಲಿ ಯಾರದೆಂಬುದು ಮುಖ್ಯ.

ಕ್ಲೆಮ್ಸನ್ ವಿಶ್ವವಿದ್ಯಾಲಯದ ಕತೆ ಇನ್ನೂ ಚೆಂದ. 2018ರ ಡಿಸೆಂಬರಿನಲ್ಲಿ, ಕಾಟನ್ ಬೌಲ್ ಎದುರಿಗಿರುವಾಗ, ತಂಡದ ಮೂವರ ಮೂತ್ರದಲ್ಲಿ ಆಸ್ಟರಿನ್ ಎಂಬ ಸ್ನಾಯು ಬೆಳೆಸುವ ವಸ್ತುವಿನ ಲೇಶ ಕಂಡಿತು. ಮೂವರಲ್ಲಿ ಒಬ್ಬ ಡೆಕ್ಸ್‌ಟರ್ ಲಾರೆನ್ಸ್, ಗೋಡೆಯಂಥ ಆಳು. ಎಲ್ಲಿಂದ ಬಂತು? ಕ್ರೀಮ್, ಪ್ರೋಟೀನ್ ಪುಡಿ, ಕೂದಲಿಗೆ ಹಚ್ಚುವ ವಸ್ತು, ಯಾವುದರಿಂದಲೂ ಬಂದಿರಬಹುದು ಎಂದು ಕೋಚ್ ಡಾಬೊ ಸ್ವಿನ್ನಿ ಪತ್ರಕರ್ತರ ಮುಂದೆ ಹೇಳಿದರು. ಮರುಪರೀಕ್ಷೆಗೆಂದು ಎತ್ತಿಟ್ಟ ಬಿ ಸ್ಯಾಂಪಲ್‌ಗೆ ಕೂದಲಿನ ವಿಚಾರ ಗೊತ್ತಿರಲಿಲ್ಲ, ಅದೂ ಹೌದೆಂದಿತು. ಆ ಮೂವರಿಲ್ಲದೆಯೇ ಕ್ಲೆಮ್ಸನ್ ನೋಟರ್ ಡೇಮ್ ತಂಡವನ್ನು 30-3ರಿಂದ, ಆಮೇಲೆ ಫೈನಲ್‌ನಲ್ಲಿ ಅಲಬಾಮಾವನ್ನು 44-16ರಿಂದ ಬಡಿದು ಚಾಂಪಿಯನ್ ಆಯಿತು. ಉಳಿದಿಬ್ಬರ ಮೇಲ್ಮನವಿ ತಿರಸ್ಕಾರವಾಗಿ ಮುಂದಿನ ಋತುವಿನ ಬಹುಪಾಲು ಮೈದಾನದಾಚೆ ಕಳೆಯಿತು. ಲಾರೆನ್ಸ್ ಆ ತಾಪತ್ರಯಕ್ಕೇ ಹೋಗಲಿಲ್ಲ, ನೇರ ವೃತ್ತಿಪರ ಲೀಗಿನ ಬಾಗಿಲು ತಟ್ಟಿದ. ಆ ಲೀಗಿನ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಾಗ ನ್ಯೂಯಾರ್ಕ್ ಜೈಂಟ್ಸ್ 17ನೇ ಆಯ್ಕೆಯಾಗಿ ಅವನನ್ನು ಎತ್ತಿಕೊಂಡಿತು. ಅಲ್ಲಿಗೆ ಎನ್‌ಸಿಎಎ ಶಿಕ್ಷೆಯ ಕೈ ಚಾಚುವುದಿಲ್ಲ. 2019ರ ಏಪ್ರಿಲಿನಲ್ಲಿ ಸ್ವಿನ್ನಿಗೆ ಹತ್ತು ವರ್ಷಕ್ಕೆ 9.3 ಕೋಟಿ ಡಾಲರಿನ ಹೊಸ ಒಪ್ಪಂದವಾಯಿತು. ಕೋಚುಗಳ ಕೈಗೆ ಲೋಟ ಕೊಡುವ ನಿಯಮ ಇನ್ನೂ ಬಂದಿಲ್ಲ.

ಎನ್‌ಸಿಎಎ ಪರೀಕ್ಷೆ ಒಂದು ಕಡೆಯಾದರೆ ಕಾಲೇಜುಗಳು ತಾವೇ ನಡೆಸುವ ಪರೀಕ್ಷೆ ಇನ್ನೊಂದು ಕಡೆ. ಎಷ್ಟು ಸಲ ಸಿಕ್ಕಿಬಿದ್ದರೆ ಎಷ್ಟು ಪಂದ್ಯ ಹೊರಗೆ ಎಂಬುದು ಒಂದೊಂದು ಕಾಲೇಜಿನಲ್ಲಿ ಒಂದೊಂದು ಥರ. ಇಲ್ಲಿ ‘ಗಾಂಜಾ’ ಎಂಬ ಪದವನ್ನು ಯಾರೂ ಎತ್ತುವುದಿಲ್ಲ. ಕೋಚ್ ಮೈಕ್ ಮುಂದೆ ಗಂಟಲು ಸರಿಮಾಡಿಕೊಂಡು ‘ತಂಡದ ನಿಯಮ ಉಲ್ಲಂಘನೆ’ ಎನ್ನುತ್ತಾರೆ. ಯಾವ ನಿಯಮ? ಆಂತರಿಕ ವಿಚಾರ. ಎಷ್ಟು ದಿನ? ನೋಡೋಣ. ನೋಡುವುದು ಎಲ್ಲಿ ಎಂದು ನನ್ನನ್ನು ಕೇಳಿದರೆ, ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ. ಋತುವಿನ ಮೊದಲ ಶನಿವಾರ ದೊಡ್ಡ ಕಾಲೇಜುಗಳು ಸಣ್ಣ ಕಾಲೇಜಿಗೆ ದುಡ್ಡು ಕೊಟ್ಟು ಕರೆಸಿ, ಮನೆಯ ಅಂಗಳದಲ್ಲೇ ಚಚ್ಚಿ ಕಳಿಸುವ ಪದ್ಧತಿಯಿದೆ. ಶಿಸ್ತಿನ ಹೆಬ್ಬಯಕೆ ಕೋಚುಗಳಿಗೆ ಉಕ್ಕುವುದು ಸಾಮಾನ್ಯವಾಗಿ ಆ ವಾರವೇ.

2011ರ ಅಕ್ಟೋಬರಿನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ತಂಡದ ಮೂವರು ಅಮಾನತಾದರು. ಕೃತಕ ಗಾಂಜಾ ಎಂದು ಸುದ್ದಿ. ಅವರಲ್ಲೊಬ್ಬ ಟೈರನ್ ಮ್ಯಾಥ್ಯೂ, ಅಭಿಮಾನಿಗಳ ಬಾಯಲ್ಲಿ ಅಡ್ಡಹೆಸರು ಹನಿ ಬ್ಯಾಜರ್. ಆಬರ್ನ್ ವಿರುದ್ಧದ ಒಂದು ಪಂದ್ಯ ತಪ್ಪಿತು, ತಂಡ 45-10ರಿಂದ ಗೆದ್ದಿತು. ಮುಂದಿನ ಶನಿವಾರ ಹೇಗೂ ಪಂದ್ಯವಿರಲಿಲ್ಲ. ಅದರ ಮುಂದಿನ ಶನಿವಾರ ಅಲಬಾಮಾ, ಆ ವರ್ಷದ ಮಹಾಸಮರ. ಅಷ್ಟರಲ್ಲಿ ಮೂವರೂ ಪರಿಶುದ್ಧರು! ಡಿಸೆಂಬರಿನಲ್ಲಿ ಮ್ಯಾಥ್ಯೂ ದೇಶದ ಅತ್ಯುತ್ತಮ ಆಟಗಾರನ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದ. ಮುಂದಿನ ಆಗಸ್ಟಿನಲ್ಲಿ ತಂಡದಿಂದಲೇ ಔಟ್. ಅದೇ ಎಲ್‌ಎಸ್‌ಯು ಸೇರಿರುವ ಎಸ್‌ಇಸಿ ಎಂಬ ವಿಶ್ವವಿದ್ಯಾಲಯ ತಂಡಗಳ ಕೂಟ 2019ರಲ್ಲಿ ತನ್ನ ಕ್ರೀಡಾಂಗಣಗಳ ಗ್ಯಾಲರಿಯಲ್ಲಿ ಬಿಯರ್ ಮಾರಲು ಅನುಮತಿ ಕೊಟ್ಟಿತು. ಅಮಲಿಗೆ ಇವರ ವಿರೋಧವಿಲ್ಲ, ಅದು ಬಿಲ್ಲು ಸಮೇತ ಬರಬೇಕು ಅಷ್ಟೇ.

ಇದೆಲ್ಲ ಹೇಗೆ ಶುರುವಾಯಿತು ನೋಡಿ. ಪರೀಕ್ಷೆ ಜಾರಿಯಾದ ಮೊದಲ ಋತುವಿನಲ್ಲೇ ಒಕ್ಲಹೋಮಾ ವಿಶ್ವವಿದ್ಯಾಲಯದ ಆಟಗಾರ ಬ್ರಯಾನ್ ಬಾಸ್ವರ್ತ್ ಸ್ಟಿರಾಯ್ಡ್ ಪ್ರಕರಣದಲ್ಲಿ ಸಿಕ್ಕಿಬಿದ್ದ. 1987ರ ಜನವರಿ 1ರ ಆರೆಂಜ್ ಬೌಲ್‌ನಲ್ಲಿ ಆಡುವಂತಿಲ್ಲ ಎಂದರು. ಅವನು ಗೆರೆಯಾಚೆ ಒಂದು ಅಂಗಿ ತೊಟ್ಟು ನಿಂತ. ಎನ್‌ಸಿಎಎ ಅಂದರೆ ‘ನ್ಯಾಷನಲ್ ಕಮ್ಯುನಿಸ್ಟ್ಸ್ ಅಗೇನ್‌ಸ್ಟ್ ಅಥ್ಲೀಟ್ಸ್’ (ಕ್ರೀಡಾಪಟುಗಳ ವಿರುದ್ಧ ರಾಷ್ಟ್ರೀಯ ಕಮ್ಯುನಿಸ್ಟರು) ಎಂದು ಅದರ ಮೇಲೆ ಬರೆಸಿದ್ದ. ಕ್ಯಾಮೆರಾಗಳು ಮೈದಾನ ಬಿಟ್ಟು ಅತ್ತ ತಿರುಗಿದವು. ಒಕ್ಲಹೋಮಾ ಅವನಿಲ್ಲದೆಯೇ 42-8ರಿಂದ ಗೆದ್ದಿತು. ಕೋಚ್ ಬ್ಯಾರಿ ಸ್ವಿಟ್ಜರ್ ಅವನನ್ನು ತಂಡದಿಂದ ಕಿತ್ತುಹಾಕಿದರು. ಸ್ಟಿರಾಯ್ಡ್‌ಗೆ ಒಂದು ಪಂದ್ಯ ಹೋಗಿತ್ತು, ಅಂಗಿಗೆ ತಂಡವೇ ಹೋಯಿತು. ಆ ವರ್ಷವೇ ಸಿಯಾಟಲ್ ಸೀಹಾಕ್ಸ್ ಎಂಬ ವೃತ್ತಿಪರ ತಂಡ ಅವನ ಜೊತೆ ಹತ್ತು ವರ್ಷಕ್ಕೆ 1.1 ಕೋಟಿ ಡಾಲರಿನ ಕರಾರು ಬರೆದುಕೊಂಡಿತು.