ಅಡಗಲು ಕೊರೆದ ಗುಹೆ, ಮೆರೆಯಲು ಬಂದ ಜೋಡಿ

ತುರ್ಕಿಯ ಕಪಡೋಕಿಯಕ್ಕೆ ಜೋಡಿಯಾಗಿ ಹೊರಡುವವರ ಪ್ರವಾಸ ಪಟ್ಟಿಯಲ್ಲಿ ‘ಕಣಿವೆ ಚಾರಣ’ ಎಂಬ ಸಾಲು ತಪ್ಪದೆ ಇರುತ್ತದೆ. ಅದರ ಕೆಳಗಿನ ಸಾಲಿನಲ್ಲಿ, ಹತ್ತು ಮೊಳದ ಬಾಲವುಳ್ಳ ಕೆಂಪು ಗೌನಿನ ಬಾಡಿಗೆಯೂ ಇರುತ್ತದೆ. ಈ ಎರಡೂ ಒಂದೇ ಬೆಳಿಗ್ಗೆ ಒಂದೇ ಮೈಮೇಲೆ ಹೇಗೆ ನಡೆದಾವು ಎಂದು ಬೆಂಗಳೂರಿನ ಟ್ರಾವೆಲ್ ಏಜೆಂಟ್ ವಿವರಿಸುವುದಿಲ್ಲ, ನವದಂಪತಿಗಳು ಕೇಳುವುದೂ ಇಲ್ಲ. ವ್ಯಾನು ನಿಂತ ಜಾಗದಿಂದ ವ್ಯೂ ಪಾಯಿಂಟಿನವರೆಗಿನ ದೂರಕ್ಕೇ ಚಾರಣ ಎನ್ನುವುದೆಂದು ಉಭಯಪಕ್ಷಗಳೂ ಮೊದಲೇ ಒಪ್ಪಿಕೊಂಡಾಗಿದೆ. ರೋಸ್ ವ್ಯಾಲಿಯ ಅಂಚಿನಲ್ಲಿ ನಿಜವಾಗಿ ಬೆವರು ಸುರಿಸುವವನು ಛಾಯಾಗ್ರಾಹಕನ ಸಹಾಯಕ. ಆತ ಗೌನಿನ ತುದಿಯನ್ನು ಗಾಳಿಗೆ ಎಸೆದು, ಚೌಕಟ್ಟಿಗೆ ಸಿಗದಂತೆ ಓಡಿ ಬಂಡೆಯ ಹಿಂದೆ ಕೂತು, ಚಿತ್ರ ಸರಿ ಬರಲಿಲ್ಲವೆಂದರೆ ಮತ್ತೆ ಓಡಿ ಬಂದು ಎಸೆಯುತ್ತಾನೆ.

ಈ ನೆಲದ ಕಥೆ ಬೇರೆಯೇ. ಎರ್ಜಿಯೆಸ್, ಹಸನ್ ಮೊದಲಾದ ಜ್ವಾಲಾಮುಖಿಗಳು ಉಗುಳಿದ ಬೂದಿ ಪದರಪದರವಾಗಿ ಕೂತು ಮೆತ್ತನೆಯ ಕಲ್ಲಾಯಿತು. ಮಳೆಗಾಳಿಗಳು ಅದನ್ನು ಕೊರೆದು, ತಲೆಯ ಮೇಲೆ ಗಟ್ಟಿ ಕಲ್ಲಿನ ಟೋಪಿಯಿಟ್ಟ ಕಂಬಗಳನ್ನು ಕಣಿವೆಯ ತುಂಬ ನಿಲ್ಲಿಸಿದವು. ಉಳಿಗೆ ಸುಲಭವಾಗಿ ಬಗ್ಗುವ ಆ ಕಲ್ಲಿನಲ್ಲಿ ಜನ ಮನೆ, ಚರ್ಚು, ಪಾರಿವಾಳದ ಗೂಡುಗಳನ್ನು ಕೊರೆದದ್ದಲ್ಲದೆ, ದಾಳಿಕೋರರಿಗೆ ಹೆದರಿ ನೆಲದಡಿ ಊರುಗಳನ್ನೇ ಕೊರೆದರು. 1963ರಲ್ಲಿ ಮನೆ ದುರಸ್ತಿಯ ವೇಳೆ ಗೋಡೆಯೊಂದು ಒಡೆದಾಗ ಮತ್ತೆ ಬೆಳಕಿಗೆ ಬಂದ ಡೆರಿಂಕುಯು ಸುಮಾರು 85 ಮೀಟರ್ ಆಳಕ್ಕಿಳಿಯುತ್ತದೆ. ದನಕರು, ದವಸಧಾನ್ಯಗಳ ಸಮೇತ 20,000 ಜನ ಅಲ್ಲಿ ಅಡಗಬಹುದಿತ್ತೆಂಬ ಅಂದಾಜಿದೆ. ಅದರ ಬಾಗಿಲುಗಳು ಬೀಸುವ ಕಲ್ಲಿನಂಥ ದೊಡ್ಡ ಚಕ್ರಗಳು. ಒಳಗಿನವರು ಉರುಳಿಸಿದರೆ ಹೊರಗಿನವನು ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಯಾರ ಕಣ್ಣಿಗೂ ಬೀಳದಿರುವುದಕ್ಕೆ ಇಷ್ಟೊಂದು ಜಾಣ್ಮೆಯನ್ನು ಸುರಿದ ಜಾಗಕ್ಕೆ, ಎಲ್ಲರ ಕಣ್ಣಿಗೂ ಬೀಳುವುದಕ್ಕಾಗಿಯೇ ಸಾಲ ಮಾಡಿಕೊಂಡು ಹೋಗುವವರು ನಮ್ಮ ಕಾಲದ ಯಾತ್ರಿಕರು.

ವಸತಿಯ ವಿಷಯವಂತೂ ಇನ್ನೂ ಸೊಗಸು. ಝೆಲ್ವೆಯ ಗುಹೆಮನೆಗಳಲ್ಲಿ 1952ರವರೆಗೂ ಜನರಿದ್ದರು. ಬಂಡೆ ಕುಸಿದು ತಲೆಯ ಮೇಲೆ ಬೀಳುವ ಅಪಾಯವಿದೆಯೆಂದು ಅವರನ್ನು ಸುರಕ್ಷಿತವಾದ ಹೊಸ ಮನೆಗಳಿಗೆ ಸಾಗಿಸಲಾಯಿತು. ಬಡವರು ಗುಹೆಯಲ್ಲಿದ್ದರೆ ಅದು ಹಿಂದುಳಿದಿರುವಿಕೆ. ಅದೇ ಗುಹೆಗೆ ಬಿಸಿನೀರಿನ ತೊಟ್ಟಿ, ವೈಫೈ, ಹಾಸಿಗೆಯ ಮೇಲೆ ಗುಲಾಬಿ ಎಸಳಿನ ಹೃದಯ ಬಂದರೆ ಅದು ಹನಿಮೂನ್ ಸೂಟ್. ಬೇಡಿಕೆಗೆ ಸಾಕಾಗುವಷ್ಟು ಹಳೆಯ ಗುಹೆಗಳು ಸಿಗದಿದ್ದಾಗ ಕಲ್ಲು ಕಟ್ಟಿ ಗುಹೆಯಂತೆ ಕಾಣುವ ಕೋಣೆಗಳನ್ನು ಎಬ್ಬಿಸುವವರೂ ಇದ್ದಾರೆ. ಕಿಟಕಿಯಿಲ್ಲದ ಕೋಣೆಗೆ ಹೆಚ್ಚು ಬಾಡಿಗೆ ಕೊಡುವ ಈ ಪದ್ಧತಿ ನಮ್ಮ ಪೇಯಿಂಗ್ ಗೆಸ್ಟ್ ಮಾಲೀಕರ ಕಿವಿಗೆ ಇನ್ನೂ ಬಿದ್ದಿಲ್ಲವೆಂಬುದೇ ಸಮಾಧಾನ.

ಬೆಳಗಿನ ಜಾವ ಬಲೂನುಗಳ ಸರದಿ. ‘ಗಾಳಿ ಬಂದಾಗ ತೂರಿಕೋ’ ಎಂಬುದು ಒಕ್ಕಲಿಗರ ಗಾದೆ; ಇಲ್ಲಿ ಗಾಳಿ ಜೋರಾದರೆ ಅಧಿಕಾರಿಗಳು ಹಾರಾಟವನ್ನೇ ನಿಲ್ಲಿಸುತ್ತಾರೆ, ಮದುವೆಯ ಮೊದಲ ಜಗಳಕ್ಕೆ ಅಲ್ಲಿಯೇ ಮುಹೂರ್ತ ಕೂಡಿಬರುತ್ತದೆ. ಗಾಳಿ ಸುಮ್ಮನಿದ್ದರೂ ಒಂದು ತೊಡಕುಂಟು: ಬಲೂನು ಹತ್ತಿದವರಿಗೆ ತಾವೇ ಕೂತ ಬಲೂನು ಚಿತ್ರದಲ್ಲಿ ಸಿಗುವುದಿಲ್ಲ. ಆದ್ದರಿಂದ ಬುದ್ಧಿವಂತರು ಹತ್ತುವುದೇ ಇಲ್ಲ. ಹೋಟೆಲಿನ ತಾರಸಿಯಲ್ಲಿ ಜಮಖಾನ ಹಾಸಿ, ಆಲಿವ್, ಚೀಸು, ಸೌತೆಕಾಯಿ, ಎಳ್ಳು ಮೆತ್ತಿದ ಬ್ರೆಡ್ಡಿನ ತಟ್ಟೆಯ ಮುಂದೆ ಕೂತು, ಹಿನ್ನೆಲೆಯಲ್ಲಿ ಪರರ ಬಲೂನುಗಳನ್ನು ತೇಲಿಬಿಡುತ್ತಾರೆ. ಆ ಉಪಾಹಾರವನ್ನು ಯಾರೂ ತಿನ್ನಬಾರದು. ಅಂಚು ಒಣಗಿ ಮುದುಡುತ್ತಿರುವ ಸೌತೆಕಾಯಿಯ ಬಿಲ್ಲೆಗಳು, ಮೆಟ್ಟಿಲ ಮೇಲೆ ಸರದಿಗೆ ನಿಂತಿರುವ ಮುಂದಿನ ಜೋಡಿಗೂ ಬೇಕಲ್ಲ.

ಗೊರೆಮೆಯ ಬಯಲು ವಸ್ತುಸಂಗ್ರಹಾಲಯದಲ್ಲಿ ‘ಕತ್ತಲ ಚರ್ಚು’ ಎಂಬುದೊಂದಿದೆ. ಅದರ ಒಳಕ್ಕೆ ಸಣ್ಣ ಕಿಂಡಿಯಿಂದಷ್ಟೇ ಬೆಳಕು ಬೀಳುತ್ತಿದ್ದುದರಿಂದ ಗೋಡೆಯ ಭಿತ್ತಿಚಿತ್ರಗಳ ನೀಲಿ, ಕಾವಿಗಳು ಶತಮಾನಗಳ ನಂತರವೂ ಮಾಸದೆ ಉಳಿದವು. ಬೆಳಕು ಬೀಳದ್ದರಿಂದ ಬದುಕಿದ ಚಿತ್ರಗಳ ಮುಂದೆ ನಿಂತು ಫ್ಲ್ಯಾಶ್ ಹೊತ್ತಿಸಬಾರದೆಂಬ ಕಾರಣಕ್ಕೆ ಅಲ್ಲಿ ಛಾಯಾಗ್ರಹಣ ನಿಷಿದ್ಧ; ಮೇಲಾಗಿ ಅದಕ್ಕೆ ಪ್ರತ್ಯೇಕ ಟಿಕೆಟ್ಟು. ಕಾವಲುಗಾರ ಫೋನಿನತ್ತ ಬೆರಳು ತೋರಿ ತಲೆಯಾಡಿಸಿದಾಗ ಜೋಡಿ ಪರಸ್ಪರ ಮುಖ ನೋಡಿಕೊಳ್ಳುತ್ತದೆ: ಹಾಗಾದರೆ ಒಳಗೆ ಹೋಗಿ ಮಾಡುವುದೇನು? ಪ್ರಶ್ನೆ ನ್ಯಾಯವಾದದ್ದೇ, ಕೇವಲ ಕಣ್ಣಿನಿಂದ ನೋಡಿದ್ದಕ್ಕೆ ಸಾಕ್ಷಿ ಎಲ್ಲಿಂದ ತರಬೇಕು?

ಪ್ರವಾಸಿಗರನ್ನಷ್ಟೇ ದೂರಿ ಸರ್ಕಾರವನ್ನು ಬಿಟ್ಟರೆ ಪಕ್ಷಪಾತವಾದೀತು. ಯುನೆಸ್ಕೊ 1985ರಲ್ಲಿ ಈ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ‘ಗೊರೆಮೆ ರಾಷ್ಟ್ರೀಯ ಉದ್ಯಾನ ಮತ್ತು ಕಪಡೋಕಿಯದ ಶಿಲಾ ತಾಣಗಳು’ ಎಂಬ ಹೆಸರಿನಲ್ಲಿ. 2019ರಲ್ಲಿ ಅಧ್ಯಕ್ಷರ ಆದೇಶದ ಮೂಲಕ ರಾಷ್ಟ್ರೀಯ ಉದ್ಯಾನದ ಸ್ಥಾನಮಾನ ರದ್ದಾಗಿ, ಪ್ರದೇಶದ ಹೊಣೆ ಹೊಸದೊಂದು ಆಡಳಿತದ ಪಾಲಾಯಿತು. ಪಟ್ಟಿಯಲ್ಲಿ ಉದ್ಯಾನವಿದೆ, ಕಾನೂನಿನಲ್ಲಿ ಇಲ್ಲ. ಕಡತದ ಉದ್ಯಾನವನ್ನು ಲೋಕವೆಲ್ಲ ಬಂದು ನೋಡಿಹೋಗುತ್ತಿದೆ.

ನಿಜವಾಗಿ ನಡೆಯಬೇಕೆಂದವರಿಗೆ ದಕ್ಷಿಣದಲ್ಲಿ ಇಹ್ಲಾರಾ ಕಮರಿಯಿದೆ. ಮೆಲೆಂಡಿಜ್ ಹೊಳೆ ಕಡಿದ, ಸುಮಾರು 14 ಕಿಲೋಮೀಟರ್ ಉದ್ದದ ಈ ಕಮರಿಯ ಗೋಡೆಗಳಲ್ಲಿ ಚರ್ಚುಗಳಿವೆ, ತಳದಲ್ಲಿ ನೀರಿನ ಸದ್ದಿದೆ, ಇಳಿಯಲು ನಾನೂರರಷ್ಟು ಮೆಟ್ಟಿಲುಗಳಿವೆ. ಪ್ಯಾಕೇಜಿನವರು ಇದನ್ನೂ ನಯವಾಗಿ ನಿಭಾಯಿಸುತ್ತಾರೆ. ಮೆಟ್ಟಿಲಿಳಿದು, ನೆರಳಿರುವಷ್ಟು ದಾರಿ ನಡೆದು, ಬೆಲಿಸಿರ್ಮಾ ಹಳ್ಳಿಯಲ್ಲಿ ಹೊಳೆಯ ಮೇಲಿನ ಅಟ್ಟಣೆಯ ಹೋಟೆಲಿನಲ್ಲಿ ಮೀನೂಟ ಮುಗಿಸುವಷ್ಟರಲ್ಲಿ ವ್ಯಾನು ಮೇಲೆ ಬಂದು ನಿಂತಿರುತ್ತದೆ. ಉಳಿದ ಹಾದಿಯನ್ನು ಕ್ರಮಿಸುವುದು ಡೀಸೆಲ್. ಸಂಜೆಯ ಪೋಸ್ಟಿನಲ್ಲಿ ಮಾತ್ರ, ಬೆವರಿನ ಹನಿಯೂ ಇಲ್ಲದ ಎರಡು ಮುಖಗಳ ಕೆಳಗೆ, 14 ಕಿಲೋಮೀಟರೂ ಅವರಿಬ್ಬರ ಹೆಸರಿಗೇ ಖಾತೆಯಾಗಿರುತ್ತದೆ.