ಸುಬೇದಾರ್ ಅಜ್ಜನಿಗೆ ಎಷ್ಟು ಸಿಗ್ಮಾ?

ಏಲಿಯನ್‌ಗಳು ಸಿಕ್ಕಿಬಿಟ್ಟರಂತೆ. 2025ರ ಏಪ್ರಿಲ್‌ನಿಂದ ನಮ್ಮ ಟಿವಿಗಳಲ್ಲಿ ಅವರು ಆಗಾಗ ಸಿಗುತ್ತಲೇ ಇದ್ದಾರೆ. ಇರುವ ಜಾಗ ಕೆ2-18ಬಿ ಅನ್ನುವ ಗ್ರಹ. ಹೆಸರು ಕೇಳಿದರೆ ತಾಲೂಕು ಕಚೇರಿಯ ಕಡತದ ನಂಬರ್ ಇದ್ದ ಹಾಗಿದೆ. ದೂರ 124 ಬೆಳಕಿನ ವರ್ಷ. ದಿಕ್ಕು ಸಿಂಹ ರಾಶಿ. ಸಿಂಹ ರಾಶಿಯವರಿಗೆ ಇದರಿಂದ ಲಾಭವೋ ನಷ್ಟವೋ ಅಂತ ಒಂದು ಗಂಟೆ ಚರ್ಚೆ ಮಾಡುವ ಅವಕಾಶವನ್ನು ನಮ್ಮ ಜ್ಯೋತಿಷಿಗಳು ಹೇಗೆ ಕೈಬಿಟ್ಟರೋ ಗೊತ್ತಿಲ್ಲ. ಬಿಟ್ಟಿರಲಿಕ್ಕಿಲ್ಲ ಬಿಡಿ. ನಾನು ನೋಡುವಾಗ ಕರೆಂಟ್ ಹೋಗಿತ್ತು.

ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ಮತ್ತು ಅವರ ತಂಡ ಹೇಳಿದ್ದು ಇಷ್ಟೇ. ಜೇಮ್ಸ್ ವೆಬ್ ದೂರದರ್ಶಕದಲ್ಲಿ ನೋಡಿದಾಗ ಆ ಗ್ರಹದ ಗಾಳಿಯಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದೇ ಜಾತಿಯ ಇನ್ನೊಂದು ಅನಿಲ ಇರುವ ಸೂಚನೆ ಕಂಡಿದೆ. ಭೂಮಿಯಲ್ಲಿ ಇದು ಹೆಚ್ಚಾಗಿ ಬರುವುದು ಸಮುದ್ರದ ಸಣ್ಣ ಸಣ್ಣ ಪಾಚಿಗಳಿಂದ. ಹಾಗಾಗಿ ಅಲ್ಲೂ ಏನಾದರೂ ಜೀವ ಇರಬಹುದು. ಅವರೇ ಇನ್ನೊಂದು ಮಾತನ್ನೂ ಸೇರಿಸಿದ್ದರು: ನಮ್ಮ ಸಾಕ್ಷಿ ಮೂರು ಸಿಗ್ಮಾ ಮಟ್ಟದ್ದು, ಐದು ಸಿಗ್ಮಾ ಆಗುವವರೆಗೆ ಇದನ್ನು ಶೋಧ ಅನ್ನುವ ಹಾಗಿಲ್ಲ. ಸಿಗ್ಮಾ ಅಂದರೆ ಸಾಕ್ಷಿ ಎಷ್ಟು ಗಟ್ಟಿ ಅನ್ನುವುದರ ಅಳತೆ. ಮೂರು ಸಿಗ್ಮಾ ಅಂದರೆ ಸುಮ್ನೆ ಕಾಕತಾಳೀಯವಾಗಿ ಹೀಗೆ ಕಾಣುವ ಸಾಧ್ಯತೆ ಶೇ 0.3. ಅಷ್ಟಕ್ಕೂ ಒಪ್ಪಲ್ಲ ಅವರು. ದೂರದರ್ಶಕದಲ್ಲಿ ಇನ್ನೂ 16ರಿಂದ 24 ಗಂಟೆ ನೋಡಿದರೆ ಗೊತ್ತಾಗಬಹುದು ಅಂದರು. ಬೇರೆ ವಿಜ್ಞಾನಿಗಳು ಅದೇ ಮಾಹಿತಿ ತೆಗೆದು ಮತ್ತೆ ಲೆಕ್ಕ ಹಾಕಿ, ಅಷ್ಟು ಗಟ್ಟಿ ಸಾಕ್ಷಿ ಕಾಣ್ತಾ ಇಲ್ಲವಲ್ಲ ಅಂದರು. ಜೀವವೇ ಇಲ್ಲದ ಒಂದು ಧೂಮಕೇತುವಿನಲ್ಲೂ ಇದೇ ಅನಿಲ ಸಿಕ್ಕಿದೆ ಅಂತ ನೆನಪಿಸಿದರು. ಈ ಅನುಮಾನಗಳೆಲ್ಲ ಅಲ್ಲೇ ಉಳಿದವು. ಬೆಂಗಳೂರಿನ ಸ್ಟುಡಿಯೋಗೆ ಬಂದು ಇಳಿದದ್ದು ದೊಡ್ಡ ತಲೆಯ, ಹಸಿರು ಮೈಯ ಗ್ರಾಫಿಕ್ಸ್ ಮಾತ್ರ.

ವಿಜ್ಞಾನಿಗಳ ಮೇಲೆ ನನಗೆ ತಕರಾರಿಲ್ಲ. ಜೀವ ಇದೆ ಅನ್ನುವ ಮೊದಲು ಸಾಕ್ಷಿ ಕೇಳಬೇಕು. ಆದರೆ ಐದು ಸಿಗ್ಮಾ ನಿಯಮವನ್ನು ಇಡೀ ಜಗತ್ತಿನಲ್ಲೇ ಕಟ್ಟುನಿಟ್ಟಾಗಿ ಪಾಲಿಸುತ್ತಿರುವ ಜಾಗ ಕೇಂಬ್ರಿಡ್ಜ್ ಅಲ್ಲ. ಅದು ಕೊಡಗಿನಲ್ಲಿ, ಪಿಂಚಣಿದಾರರು ನವೆಂಬರ್‌ನಲ್ಲಿ ಸಾಲು ನಿಲ್ಲುವ ಕೌಂಟರ್.

ನಮ್ಮೂರಿನ ಸುಬೇದಾರ್ ಅಜ್ಜ ಸೈನ್ಯದಿಂದ ನಿವೃತ್ತಿಯಾಗಿ ಬಹಳ ಕಾಲವಾಯಿತು. ಪ್ರತಿ ನವೆಂಬರ್‌ನಲ್ಲಿ ತಾನು ಬದುಕಿದ್ದೇನೆ ಅಂತ ಅವರು ಸರ್ಕಾರಕ್ಕೆ ತೋರಿಸಬೇಕು. ಅದಕ್ಕೆ ಜೀವನ ಪ್ರಮಾಣ ಅಂತ ಹೆಸರು. 2014ರಿಂದ ಇದನ್ನು ಡಿಜಿಟಲ್ ಆಗಿಯೂ ಕೊಡಬಹುದು. ಅಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೀಸೆ ತಿದ್ದಿ, ಬಸ್ ಹತ್ತಿ ಬರುತ್ತಾರೆ. ಕೌಂಟರ್‌ನ ಹುಡುಗಿಗೆ ನಮಸ್ಕಾರ ಹೇಳುತ್ತಾರೆ. ಅವಳೂ ನಮಸ್ಕಾರ ಅನ್ನುತ್ತಾಳೆ. ಮಳೆ, ಕಾಫಿ ರೇಟು, ಮೊಮ್ಮಗಳ ಮದುವೆ ಎಲ್ಲ ಮಾತಾಗುತ್ತದೆ. ಆಮೇಲೆ ಅವಳು ಬೆರಳು ಇಡಿ ಅನ್ನುತ್ತಾಳೆ. ಅಜ್ಜ ಬೆರಳು ಇಡುತ್ತಾರೆ. ಯಂತ್ರ ಕೆಂಪಾಗುತ್ತದೆ.

"ಅಜ್ಜ, ಬೆರಳು ಬರ್ತಾ ಇಲ್ಲ. ಒರೆಸಿ ಇಡಿ."

ಅಜ್ಜ ಪ್ಯಾಂಟಿಗೆ ಒರೆಸುತ್ತಾರೆ. ಕೆಂಪು. ಇನ್ನೊಂದು ಬೆರಳು. ಕೆಂಪು. ಕರಿಮೆಣಸು ಬಿಡಿಸಿ, ಕಾಫಿ ಚಿಗುರು ತೆಗೆದು, ಕತ್ತಿ ಹಿಡಿದು ಅವರ ಬೆರಳಿನ ಗೆರೆಯೆಲ್ಲ ಸವೆದಿದೆ. ಸರಿ, ಮುಖ ತೋರಿಸಿ ಅಂದಳು ಹುಡುಗಿ. ಮೊಬೈಲ್ ಮುಂದೆ ಕೂರಬೇಕು, ಕಣ್ಣು ಮಿಟುಕಿಸಬೇಕು. ಮಿಟುಕಿಸಿದರೆ ಜೀವ ಇದೆ ಅಂತ ಲೆಕ್ಕ. ಅಜ್ಜ ಮೊದಲು ಮಿಟುಕಿಸಲೇ ಇಲ್ಲ. ಅಟೆನ್ಷನ್‌ನಲ್ಲಿ ಕೂತಿದ್ದರು. ಆಮೇಲೆ ಮಿಟುಕಿಸಿದರು, ಆಗ ನೆಟ್‌ವರ್ಕ್ ಹೋಯಿತು. ಪರದೆಯ ಮೇಲೆ ಆ ಚಕ್ರ ತಿರುಗುತ್ತಲೇ ಇತ್ತು. ಎದುರಿಗೆ ಮನುಷ್ಯ ಕೂತು ಕೆಮ್ಮುತ್ತಿದ್ದಾರೆ, ನೀರು ಕೇಳುತ್ತಿದ್ದಾರೆ, ಗಾಂಧಿ ಮೈದಾನದ ಹತ್ತಿರ ಪಾರ್ಕಿಂಗ್ ಸಿಗಲ್ಲ ಅಂತ ಬೈಯುತ್ತಿದ್ದಾರೆ. ಸರ್ವರ್ ಪ್ರಕಾರ ಜೀವದ ಲಕ್ಷಣ ಇನ್ನೂ ಖಚಿತವಾಗಿಲ್ಲ.

ಕೆ2-18ಬಿ ತನ್ನ ಸೂರ್ಯನನ್ನು ಸುಮಾರು 33 ದಿನಕ್ಕೆ ಒಂದು ಸುತ್ತು ಹಾಕುತ್ತದೆ. ಅಂದರೆ ಅಲ್ಲಿ 33 ದಿನಕ್ಕೊಂದು ವರ್ಷ. ಪಾಪ, ಅಲ್ಲಿಯ ಪಿಂಚಣಿದಾರರ ಗತಿ ಏನು ಅಂತ ಅಜ್ಜನ ಹತ್ತಿರ ಕೇಳಿದೆ. "ಅಲ್ಲಿ ಮನೆಯೇ ಕೌಂಟರ್ ಪಕ್ಕದಲ್ಲಿ ಮಾಡಿರ್ತಾರೆ" ಅಂದರು.

ಭೂಮಿಯಲ್ಲೇ ಜೀವ ಇದೆಯಾ ಅಂತ ಒಮ್ಮೆ ಪರೀಕ್ಷೆ ಮಾಡಿದ್ದರು ಗೊತ್ತಾ? ತಮಾಷೆಯಲ್ಲ. 1990ರ ಡಿಸೆಂಬರ್‌ನಲ್ಲಿ ಗೆಲಿಲಿಯೊ ನೌಕೆ ಗುರುಗ್ರಹಕ್ಕೆ ಹೋಗುವ ದಾರಿಯಲ್ಲಿ ಭೂಮಿಯ ಪಕ್ಕದಿಂದ ಹಾದುಹೋಯಿತು. ಏನೂ ಗೊತ್ತಿಲ್ಲದವರ ಹಾಗೆ ಈ ಭೂಮಿಯನ್ನು ನೋಡಿದರೆ ಜೀವ ಇದೆ ಅಂತ ಹೇಳಬಹುದಾ ಅಂತ ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ ಮತ್ತು ಜೊತೆಗಾರರು ನೋಡಿದರು. ಆಮ್ಲಜನಕ ಇತ್ತು, ಅದರ ಜೊತೆ ಮೀಥೇನ್ ಇತ್ತು, ಗಿಡಮರದ ಗುರುತು ಇತ್ತು. ಬುದ್ಧಿ ಇರುವ ಜೀವಿಗಳ ಗುರುತಾಗಿ ಅವರಿಗೆ ಸಿಕ್ಕಿದ್ದು ರೇಡಿಯೊ ತರಂಗ.

ಇಲ್ಲೇ ನಾವು ಫೇಲ್. ಜೂನ್‌ನಲ್ಲಿ ಮಳೆ ಶುರುವಾದ ತಕ್ಷಣ ಮರ ಬಿದ್ದು ತಂತಿ ಹೋಗುತ್ತದೆ. ಟವರ್‌ನ ಬ್ಯಾಟರಿ ಸ್ವಲ್ಪ ಹೊತ್ತು ಉಸಿರು ಹಿಡಿದು ಆಮೇಲೆ ಕಣ್ಣು ಮುಚ್ಚುತ್ತದೆ. ಆಗಸ್ಟ್ ಮುಗಿಯುವವರೆಗೆ ಯಾವ ನೌಕೆ ಯಾವ ಎತ್ತರದಲ್ಲಿ ಹಾದುಹೋದರೂ ನಮ್ಮ ಎಷ್ಟೋ ಊರುಗಳಿಂದ ಒಂದು ತರಂಗವೂ ಸಿಗಲಿಕ್ಕಿಲ್ಲ. ಗಿಡಮರ ಇದೆ, ಮೀಥೇನ್ ಇದೆ, ಬುದ್ಧಿ ಇರುವವರು ಯಾರೂ ಇಲ್ಲ ಅಂತ ವರದಿ ಬರೆದುಕೊಂಡು ಮುಂದೆ ಹೋಗುತ್ತದೆ. ಚುನಾವಣೆ ಫಲಿತಾಂಶ ನೋಡಿದವರು ಇದಕ್ಕೆ ಬೇರೆ ಕಾರಣ ಹೇಳಬಹುದು, ಅದು ಅವರಿಗೆ ಬಿಟ್ಟದ್ದು. ಆನೆಗಳ ಸ್ಥಿತಿ ನಮಗಿಂತ ಮೇಲು. ಕೆಲವಕ್ಕೆ ರೇಡಿಯೊ ಕಾಲರ್ ಇದೆ. ಅವು ಎಲ್ಲಿವೆ ಅಂತ ಇಲಾಖೆಗೆ ಗೊತ್ತಾಗುತ್ತದೆ. ನಾವು ಎಲ್ಲಿದ್ದೇವೆ ಅಂತ ನಮ್ಮ ಮಕ್ಕಳಿಗೇ ಗೊತ್ತಾಗಲ್ಲ.

ಡೈಮೀಥೈಲ್ ಸಲ್ಫೈಡ್‌ಗೆ ಬೇಯಿಸಿದ ಎಲೆಕೋಸಿನ ವಾಸನೆಯಂತೆ. ವಾಸನೆ ಹಿಡಿದು ಜೀವ ಹುಡುಕುವವರು ಜನವರಿಯಲ್ಲಿ ಇಲ್ಲಿಯ ಕೆಲವು ಸೇತುವೆಗಳ ಮೇಲೆ ಬಂದು ನಿಲ್ಲಬೇಕು. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ನೀರು ಹೊಳೆಗೆ ಬಿಟ್ಟಾಗ ಬರುವ ವಾಸನೆಯೂ ಒಂದು ಲಕ್ಷಣವೇ. ಮೀನು ಸತ್ತ ಲಕ್ಷಣ.

124 ಬೆಳಕಿನ ವರ್ಷ ಅಂದರೆ ಇಲ್ಲಿಯ ಬೆಳಕು ಅಲ್ಲಿಗೆ ಮುಟ್ಟಲು 124 ವರ್ಷ. ಇದರಲ್ಲಿ ಇನ್ನೊಂದು ಮಜಾ ಇದೆ. ಅಲ್ಲಿ ಯಾರಾದರೂ ದೂರದರ್ಶಕ ಹಿಡಿದು ಕೂತಿದ್ದರೆ ಅವರಿಗೆ ಈಗ ಕಾಣುವುದು 1901ರ ಸುಮಾರಿನ ಕೊಡಗು. ಬಿಳಿ ದೊರೆ ಬಂಗಲೆ ಜಗಲಿಯಲ್ಲಿ ಕೂತಿದ್ದಾನೆ, ಮಡಿಕೇರಿಯನ್ನು ಮರ್ಕಾರಾ ಅನ್ನುತ್ತಿದ್ದಾನೆ. ಹೋಂಸ್ಟೇ ಇಲ್ಲ. ಮಾಂದಲಪಟ್ಟಿಗೆ ಜೀಪ್ ಇಲ್ಲ. ಗುಡ್ಡದ ಹುಲ್ಲಿನಲ್ಲಿ ಬಿಯರ್ ಬಾಟಲಿ ಇಲ್ಲ, ಚಿಪ್ಸ್ ಪ್ಯಾಕೆಟ್ ಇಲ್ಲ. ಒಳ್ಳೇ ಜಾಗ, ರಜೆಗೆ ಹೋಗಿ ಬರೋಣ ಅಂತ ಅವರು ಈಗಲೇ ಹೊರಟಿದ್ದರೆ ಯಾರಾದರೂ ದಾರಿಯಲ್ಲೇ ತಡೆದು ಹೇಳಬೇಕು. ಭಾನುವಾರ ಮಾತ್ರ ಬರಬೇಡಿ.

ಮಂಗಳನ ಕಥೆ ಇನ್ನೂ ನಮ್ಮದೇ. 2024ರ ಜುಲೈನಲ್ಲಿ ನಾಸಾದ ಪರ್ಸಿವಿಯರೆನ್ಸ್ ರೋವರ್‌ಗೆ ಅಲ್ಲಿ ಚಿರತೆ ಚುಕ್ಕೆ ಇರುವ ಬಂಡೆ ಸಿಕ್ಕಿತು. ಹಳೇ ಸೂಕ್ಷ್ಮಜೀವಿಗಳ ಗುರುತು ಇರಬಹುದು ಅಂತ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಬಂಡೆಯ ತುಂಡು ಕೊಳವೆಯಲ್ಲಿ ಭದ್ರವಾಗಿದೆ. ಭೂಮಿಗೆ ತಂದು ನೋಡಬೇಕು, ತರುವ ಯೋಜನೆ ದುಡ್ಡಿನ ವಿಚಾರದಲ್ಲಿ ನಿಂತಿದೆ. ಅಮೆರಿಕದಲ್ಲೂ ಸ್ಯಾಂಪಲ್ ಬಾಕಿ ಅಂತ ಕೇಳಿ ನಮ್ಮ ಕಚೇರಿಗಳಲ್ಲಿ ಎಷ್ಟು ಜನಕ್ಕೆ ಸಮಾಧಾನವಾಯಿತೋ.

ನಗು ಸಾಕು. ಕೆ2-18ಬಿ ಸುದ್ದಿ ಬಂದು ಮೂರು ವಾರ ಕಳೆದಿರಲಿಲ್ಲ. 2025ರ ಮೇ ತಿಂಗಳಲ್ಲಿ ನಾಗರಹೊಳೆ ಕಾಡಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಜೇನು ಕುರುಬ ಕುಟುಂಬಗಳು ವಾಪಸ್ ಹೋಗಿ ಗುಡಿಸಲು ಹಾಕಿದವು. ಇದು ನಮ್ಮ ಹಿರಿಯರ ಜಾಗ, ನಮ್ಮನ್ನು ಇಲ್ಲಿಂದ ಎಬ್ಬಿಸಿ ಕಳಿಸಿದ್ದರು ಅನ್ನುವುದು ಅವರ ಮಾತು. ಹಿರಿಯರನ್ನು ಹೂತ ಜಾಗ ಇದೆ, ದೇವರ ನೆಲೆ ಇದೆ ಅಂತ ತೋರಿಸಿದರು. ಅಧಿಕಾರಿಗಳಿಂದ ಸಿಕ್ಕ ಉತ್ತರ, ಇಲ್ಲಿ ವಾಸ ಇದ್ದಿದ್ದಕ್ಕೆ ಸಾಕ್ಷಿ ಸಾಲದು. ಅರಣ್ಯ ಹಕ್ಕು ಕಾಯ್ದೆ 2006ರದ್ದು. ಹೂತ ಜಾಗ, ದೇವರ ಜಾಗ, ಬಾವಿ, ಊರ ಹಿರಿಯರ ಮಾತು ಇವೆಲ್ಲ ಸಾಕ್ಷಿ ಅಂತ ಅದರ ನಿಯಮದಲ್ಲೇ ಬರೆದಿದೆ. ಯಾರೂ ಕಾಣದ ಗ್ರಹದ ಒಂದು ಅನಿಲಕ್ಕೆ ಟಿವಿಯವರು ಒಂದೇ ರಾತ್ರಿಯಲ್ಲಿ ಕಣ್ಣು, ಮೂಗು, ಹಸಿರು ಚರ್ಮ ಎಲ್ಲ ಕೊಟ್ಟರು. ಇಲ್ಲಿ ಜನ ಗೋರಿಯ ಪಕ್ಕದಲ್ಲೇ ನಿಂತು ಇದು ನಮ್ಮ ಅಜ್ಜನದ್ದು ಅನ್ನುತ್ತಾರೆ, ಅದು ಸಾಲುವುದಿಲ್ಲ. ಇನ್ನೇನು ಬೇಕು ಇವರಿಗೆ? ಹೂತಿರುವ ಅಜ್ಜ ಎದ್ದು ಬಂದು ಬೆರಳು ಒತ್ತಬೇಕಾ?