ಸಿಸ್ಟರ್ ಬಂದ್ರು, ಚೀಲ ತೆಗಿಯೋ

ಕೆ.ಆರ್. ಮಾರ್ಕೆಟ್ ಪಕ್ಕದ ಗಲ್ಲಿಯಲ್ಲಿ ನಮ್ಮಪ್ಪನ ಈರುಳ್ಳಿ, ಆಲೂಗಡ್ಡೆ ಅಂಗಡಿ ಇತ್ತು. ಸ್ಕೂಲಿಗೆ ರಜೆ ಬಂದರೆ ನಾನು ಗಲ್ಲಾ ಪಕ್ಕ ಕೂತಿರುತ್ತಿದ್ದೆ. ಆಗಾಗ ಇಬ್ಬರು ಸಿಸ್ಟರ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರು, ಬರುತ್ತಿದ್ದರು. ಬಿಳಿ ಉಡುಪು, ತಲೆಗೆ ಬಿಳಿ ಬಟ್ಟೆ, ಕಾಲಿಗೆ ಸಾದಾ ಚಪ್ಪಲಿ. ಒಬ್ಬರೇ ಬಂದಿದ್ದು ನನಗೆ ನೆನಪಿಲ್ಲ. ಪೀಠಿಕೆ ಗೀಠಿಕೆ ಏನೂ ಇಲ್ಲ. "ಯಜಮಾನ್ರೇ, ನಮ್ಮ ಅಜ್ಜ ಅಜ್ಜಿಯರಿಗೆ ಏನಾದ್ರೂ ಕೊಡ್ತೀರಾ?" ಅಷ್ಟೇ.

ಅಪ್ಪ ಒಳಗೆ ಕೂಗುತ್ತಿದ್ದರು, "ಸಿಸ್ಟರ್ ಬಂದ್ರು, ಚೀಲ ತೆಗಿಯೋ." ಅಪ್ಪ ಒಳ್ಳೆಯವರೇ, ಆದರೆ ವ್ಯಾಪಾರಿ. ಮೊಳಕೆ ಬಂದಿದ್ದು, ಸ್ವಲ್ಪ ಮೆತ್ತಗಾಗಿದ್ದು ಆ ಚೀಲಕ್ಕೆ ಹೋಗುತ್ತಿತ್ತು. ನಮ್ಮ ಹಮಾಲಿ ಅಣ್ಣಯ್ಯ ಮಾತ್ರ ಅಪ್ಪ ಆ ಕಡೆ ತಿರುಗಿದ ತಕ್ಷಣ ಎರಡು ಬೊಗಸೆ ಒಳ್ಳೆ ಗಡ್ಡೆ ಮೇಲಿಂದ ಸುರಿದುಬಿಡುತ್ತಿದ್ದ. ಅಪ್ಪನಿಗೆ ಗೊತ್ತಾಗುತ್ತಿತ್ತು. ಗೊತ್ತಿಲ್ಲದ ಹಾಗೆ ಇರುತ್ತಿದ್ದರು.

ನಮಗೆ ದಿನಾ ಬೇಡೋರು ಬರುತ್ತಿದ್ದರು. ದೇವಸ್ಥಾನದ ಜೀರ್ಣೋದ್ಧಾರ, ಅಣ್ಣಮ್ಮ, ಗಣೇಶ, ರಾಜ್ಯೋತ್ಸವ, ಒಂದಾ ಎರಡಾ. ಆದರೆ ಈ ಹೆಂಗಸರು ಕೇಳುವ ರೀತಿ ಬೇರೆ ಇತ್ತು. ಅಪ್ಪ ಏನಾದರೂ ಕೊಟ್ಟ ದಿನವೂ ಅದೇ ನಗು. "ಇವತ್ತು ಇಲ್ಲ ಸಿಸ್ಟರ್" ಅಂದ ದಿನವೂ ಅದೇ ನಗು. "ಸರಿ ಯಜಮಾನ್ರೇ, ದೇವರು ಒಳ್ಳೇದು ಮಾಡ್ಲಿ" ಅಂತ ಹೇಳಿ ಪಕ್ಕದ ಅಂಗಡಿಗೆ ಹೋಗುತ್ತಿದ್ದರು.

ಅವರು ಹೊಸೂರು ರಸ್ತೆಯ ವೃದ್ಧಾಶ್ರಮದವರು, 'ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್' ಅನ್ನುವ ಸನ್ಯಾಸಿನಿಯರ ಸಭೆಗೆ ಸೇರಿದವರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಅವರು ಭಾರತಕ್ಕೆ ಮೊದಲು ಬಂದಿದ್ದು 1882ರಲ್ಲಿ, ಕಲ್ಕತ್ತೆಗೆ. ಅವರ ಬೆಂಗಳೂರಿನ ವೃದ್ಧಾಶ್ರಮಕ್ಕೂ ನೂರು ವರ್ಷ ದಾಟಿದೆ. ಆ ರಸ್ತೆಯಲ್ಲಿ ನಾನು ಸಾವಿರ ಸಲ ಓಡಾಡಿದ್ದೇನೆ. ಒಂದು ದಿನವೂ ಕಾಂಪೌಂಡ್ ಒಳಗೆ ಇಣುಕಿರಲಿಲ್ಲ.

ಈ ಬೇಡುವ ಕೆಲಸ ಶುರುವಾದ ಕಥೆ ಕೇಳಿ. ಫ್ರಾನ್ಸಿನ ಬ್ರಿಟನಿ ಸೀಮೆಯ ಕಾಂಕಾಲ್ ಅನ್ನೋ ಮೀನುಗಾರರ ಊರಲ್ಲಿ 1792ರಲ್ಲಿ ಹುಟ್ಟಿದ ಜೀನ್ ಜುಗಾನ್ ಈ ಸಭೆ ಶುರು ಮಾಡಿದವರು. ಅಪ್ಪ ಸಮುದ್ರಕ್ಕೆ ಹೋದವರು ವಾಪಸ್ ಬರಲಿಲ್ಲ. ಆಕೆ ಕಂಡವರ ಮನೆಯಲ್ಲಿ ಅಡುಗೆ ಕೆಲಸ, ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ, ಹೀಗೆ ದುಡಿದು ಬದುಕಿದವರು. 1839ರ ಚಳಿಗಾಲದಲ್ಲಿ, ಸೇಂಟ್ ಸರ್ವಾನ್ ಊರಲ್ಲಿ, ಕಣ್ಣು ಕಾಣದ, ಮೈ ಅರ್ಧ ಸ್ವಾಧೀನ ತಪ್ಪಿದ ಒಬ್ಬ ಮುದುಕಿಯನ್ನು ಹೊತ್ತು ಮೆಟ್ಟಿಲು ಹತ್ತಿಸಿ ತನ್ನ ಬಾಡಿಗೆ ಮನೆಗೆ ತಂದರು. ತನ್ನ ಹಾಸಿಗೆ ಅವಳಿಗೆ ಬಿಟ್ಟು ತಾನು ಅಟ್ಟಕ್ಕೆ ಹೋದರು. ಆಗ ಜೀನ್‌ಗೆ 47 ವರ್ಷ. ಆ ವಯಸ್ಸಿಗೆ ನಾವು ಮಂಡಿನೋವು, ಶುಗರ್ ಅಂತ ಮಾತಾಡೋಕೆ ಶುರು ಮಾಡಿರುತ್ತೇವೆ.

ಒಬ್ಬರು ಇಬ್ಬರಾದರು, ಇಬ್ಬರು ಹತ್ತಾರು ಜನ ಆದರು. ಆ ಮುದುಕಿಯರಲ್ಲಿ ಬಹಳ ಜನ ಅಲ್ಲಿವರೆಗೂ ಬೀದಿಯಲ್ಲಿ ಬೇಡಿ ತಿನ್ನುತ್ತಿದ್ದವರು. ಮನೆಗೆ ಬಂದಮೇಲೂ ಊಟ ಬೇಕಲ್ಲ. ಜೀನ್ ಏನು ಮಾಡಿದರು ಗೊತ್ತಾ? ನಿಮಗೆ ಯಾರ್ಯಾರು ಕೊಡುತ್ತಿದ್ದರು ಹೇಳಿ ಅಂತ ಅವರನ್ನೇ ಕೇಳಿ, ಅವರ ಬುಟ್ಟಿ ತಾನು ಹಿಡಿದು ಅದೇ ಮನೆಗಳಿಗೆ ಹೋದರು. ಇನ್ನು ಮೇಲೆ ಆ ಅಜ್ಜಿ ಬರಲ್ಲ, ಅವಳ ಬದಲು ನಾನು ಬರ್ತೀನಿ ಅಂತ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ನಾಟಿದ್ದು ಇದೇ. ಅನ್ನ ಹಾಕೋರು ಬೇಕಾದಷ್ಟು ಜನ ಇದ್ದಾರೆ. ಇನ್ನೊಬ್ಬರ ಅವಮಾನವನ್ನು ಕೇಳಿ ಇಸಿದುಕೊಂಡು ತಾನು ಹೊರುವವರು ಎಲ್ಲಿ ಸಿಗುತ್ತಾರೆ? ಒಂದು ಸಲ ಒಬ್ಬಾತ ಕೆನ್ನೆಗೆ ಹೊಡೆದೇಬಿಟ್ಟನಂತೆ. "ಇದು ನನಗಾಯ್ತು, ಈಗ ನನ್ನ ಬಡವರಿಗೆ ಏನಾದ್ರೂ ಕೊಡಿ" ಅಂದರಂತೆ.

ನಮ್ಮ ಜನಕ್ಕೆ ಇದು ಹೊಸದಲ್ಲ. ಜಂಗಮರ ಜೋಳಿಗೆ ನೋಡಿದವರು ನಾವು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಮಕ್ಕಳ ಊಟಕ್ಕಾಗಿ ಜೋಳಿಗೆ ಹಿಡಿದು ಊರೂರು ತಿರುಗಿದ್ದನ್ನು ಹೇಳುವಾಗ ನಮ್ಮಜ್ಜಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದಕ್ಕೇ ಇರಬೇಕು, ಮಾರ್ಕೆಟ್‌ನಲ್ಲಿ ಯಾರೂ ಆ ಸಿಸ್ಟರ್‌ಗಳನ್ನು ಗದರಿದ್ದು ನಾನು ನೋಡಿಲ್ಲ.

ಜೀನ್ ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಈ ಪೋಸ್ಟ್ ಬರೆಯುತ್ತಿರಲಿಲ್ಲ. 1843ರ ಡಿಸೆಂಬರ್‌ನಲ್ಲಿ ಸಿಸ್ಟರ್‌ಗಳೆಲ್ಲ ಸೇರಿ ಅವರನ್ನೇ ಮತ್ತೆ ಮುಖ್ಯಸ್ಥೆಯಾಗಿ ಆರಿಸಿದರು. ಎರಡೇ ವಾರಕ್ಕೆ ಸಭೆಯ ಮೇಲ್ವಿಚಾರಣೆ ಮಾಡುತ್ತಿದ್ದ ಪಾದ್ರಿ ಲೆ ಪಯ್ಯೂರ್ ಆ ಆಯ್ಕೆ ರದ್ದು ಮಾಡಿ, 23 ವರ್ಷದ ಇನ್ನೊಬ್ಬರನ್ನು ಕೂರಿಸಿದ. ಜೀನ್ ಜಗಳ ಆಡಲಿಲ್ಲ. ಬುಟ್ಟಿ ಹಿಡಿದು ಬೇಡೋಕೆ ಹೋದರು. 1845ರಲ್ಲಿ ಫ್ರೆಂಚ್ ಅಕಾಡೆಮಿ ಆಕೆಯ ಸೇವೆಗೆ ದೊಡ್ಡ ಬಹುಮಾನ ಕೊಟ್ಟಿತು. 1852ರಲ್ಲಿ ಬೇಡುವ ಕೆಲಸದಿಂದಲೂ ಬಿಡಿಸಿ ಒಂದು ಮೂಲೆಗೆ ಕೂರಿಸಿದರು. ಅಲ್ಲಿಂದ ಸಾಯುವವರೆಗೆ, 27 ವರ್ಷ. ಹೊಸದಾಗಿ ಸೇರಿದ ಹುಡುಗಿಯರಿಗೆ ಪಕ್ಕದಲ್ಲಿ ಕೂತ ಈ ಮುದುಕಿಯೇ ಎಲ್ಲ ಶುರು ಮಾಡಿದ್ದು ಅಂತ ಗೊತ್ತೇ ಇರಲಿಲ್ಲ. ಸ್ಥಾಪಕ ತಾನೇ ಅಂತ ಆ ಪಾದ್ರಿ ಹೇಳಿಕೊಂಡಿದ್ದ. 1879ರಲ್ಲಿ, 86ನೇ ವಯಸ್ಸಿಗೆ ಆಕೆ ತೀರಿಕೊಂಡಾಗ ಸಭೆಯಲ್ಲಿ ಸುಮಾರು 2400 ಸಿಸ್ಟರ್‌ಗಳಿದ್ದರು. ರೋಮ್‌ನವರು ವಿಚಾರಣೆ ಮಾಡಿ 1890ರಲ್ಲಿ ಪಾದ್ರಿಯನ್ನು ಕೆಳಗಿಳಿಸಿದರು. ಜೀನ್‌ಗೆ ಸಂತ ಪದವಿ ಸಿಕ್ಕಿದ್ದು 2009ರಲ್ಲಿ.

ಇದನ್ನು ಓದಿ ನನ್ನ ಕ್ರಿಶ್ಚಿಯನ್ ಗೆಳೆಯ "ಎಂಥ ದೀನತೆ ಅಲ್ವಾ" ಅಂದ. ನನಗೆ ಮೊದಲು ಬಂದಿದ್ದು ಸಿಟ್ಟು. ಹೆಂಗಸು ಕಟ್ಟಿದ್ದನ್ನು ಗಂಡಸು ತನ್ನ ಹೆಸರಿಗೆ ಬರೆದುಕೊಳ್ಳೋದು, ಆಮೇಲೆ ಅವಳ ಸುಮ್ಮನಿರುವಿಕೆಗೆ ಆರತಿ ಎತ್ತೋದು, ನಮ್ಮ ಮನೆಗಳಲ್ಲೂ ಇದೆಯಲ್ಲ. ಆಕೆಯನ್ನು ಮೆಚ್ಚುತ್ತೇನೆ. ಆಕೆಗೆ ಆಗಿದ್ದನ್ನು ಮೆಚ್ಚಲಾರೆ.

ಇನ್ನೊಂದು ವಿಷಯ ನನ್ನ ವ್ಯಾಪಾರಿ ಬುದ್ಧಿಗೆ ಇವತ್ತಿಗೂ ಹಿಡಿಸಿಲ್ಲ. 1865ರಲ್ಲಿ ಈ ಸಭೆ ಖಾಯಂ ಆದಾಯ ಬೇಡ ಅಂತ ತೀರ್ಮಾನ ಮಾಡಿತು. ಬಡ್ಡಿ ಬರುವ ನಿಧಿ ಬೇಡ. ಇವತ್ತಿನ ಊಟ ಇವತ್ತು ಕೇಳಬೇಕು. ಇದು ಹುಚ್ಚು ಅಂತ ಅನ್ನಿಸುತ್ತದೆ. ಆದರೆ ಇದರಲ್ಲಿ ಒಂದು ಲೆಕ್ಕಾಚಾರವೂ ಕಾಣುತ್ತೆ. ಬ್ಯಾಂಕಿನಲ್ಲಿ ಕೋಟಿ ಇಟ್ಟುಕೊಂಡವರು ನಮ್ಮ ಅಂಗಡಿಗೆ ಯಾಕೆ ಬರುತ್ತಾರೆ? ಬರದಿದ್ದರೆ ನಮ್ಮ ಅಣ್ಣಯ್ಯನಂಥವನಿಗೆ ಅವರು ಗೊತ್ತಾಗುವುದಾದರೂ ಹೇಗೆ?

ಹೌದು, ಅಣ್ಣಯ್ಯ ಈಗ ಆ ವೃದ್ಧಾಶ್ರಮದಲ್ಲೇ ಇದ್ದಾನೆ. ಒಳ್ಳೆ ಈರುಳ್ಳಿ ಸುರಿದಿದ್ದಕ್ಕೆ ಪುಣ್ಯ ಬಂತು ಅಂತ ಕಾಮೆಂಟ್‌ನಲ್ಲಿ ಕಥೆ ಕಟ್ಟಬೇಡಿ. ಅಲ್ಲಿ ಈರುಳ್ಳಿ ಲೆಕ್ಕ ಯಾರೂ ಕೇಳಲ್ಲ. ಹೆಂಡತಿ ಸತ್ತಳು, ಮಕ್ಕಳಿಲ್ಲ, ಬೆನ್ನು ಹೋಯಿತು. ತಂದೆ ತಾಯಿಯನ್ನು ನೋಡದ ಮಕ್ಕಳ ಮೇಲೆ ಅರ್ಜಿ ಹಾಕೋಕೆ 2007ರ ಕಾಯ್ದೆ ಇದೆ. ಮಕ್ಕಳೂ ಇಲ್ಲದ, ಆಸ್ತಿಗೆ ವಾರಸುದಾರರಾಗುವ ನೆಂಟರೂ ಇಲ್ಲದವನು ಯಾರ ಮೇಲೆ ಹಾಕಬೇಕು? 80 ದಾಟದ ಬಡವನ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. ರಾಜ್ಯದ್ದು ಸೇರಿದರೂ ಬೆಂಗಳೂರಲ್ಲಿ ಒಂದು ರೂಮಿನ ಬಾಡಿಗೆಗೂ ಸಾಲದು. "ವೃದ್ಧಾಶ್ರಮ ನಮ್ಮ ಸಂಸ್ಕೃತಿ ಅಲ್ಲ" ಅನ್ನುವವರು ಸ್ವಲ್ಪ ಇವನ ಕಡೆಯೂ ನೋಡಿ. ಮತಾಂತರದ ಅನುಮಾನ ಇರುವವರಿಗೂ ಒಂದು ಮಾತು. ಅವನ ದಿಂಬಿನ ಹತ್ತಿರ ಮಾದಪ್ಪನ ಫೋಟೋ ಇದೆ. ಯಾರೂ ತೆಗೆಸಿಲ್ಲ.

ಹೋದ ತಿಂಗಳು ನೋಡೋಕೆ ಹೋಗಿದ್ದೆ. ಅಣ್ಣಯ್ಯ ಕುರ್ಚಿಯಲ್ಲಿ ಕೂತಿದ್ದ, ಎರಡೂ ಕಾಲು ಬಿಸಿನೀರಿನ ಟಬ್ಬಿನಲ್ಲಿ. ನೆಲದ ಮೇಲೆ ಕೂತ ಸಿಸ್ಟರ್‌ಗೇ ಅರವತ್ತರ ಮೇಲಾಗಿರಬೇಕು. ನೆನೆದ ಕಾಲನ್ನು ತೊಡೆಯ ಮೇಲಿನ ಟವೆಲ್‌ನಲ್ಲಿ ಇಟ್ಟುಕೊಂಡು ಉಗುರು ತೆಗೆಯುತ್ತಿದ್ದರು. ಮೂಟೆ ಹೊತ್ತು ಹೊತ್ತು ಒಡೆದ ಕಾಲು. ಹೆಬ್ಬೆರಳಿನ ಉಗುರು ಕೊಬ್ಬರಿ ಚಿಪ್ಪಿನ ಹಾಗೆ ದಪ್ಪ. ಒಂದೇ ಏಟಿಗೆ ಕತ್ತರಿಸಿದರೆ ರಕ್ತ ಬರುತ್ತೆ ಅಂತ ಅಂಚಿನಿಂದ ಚೂರುಚೂರೇ ತೆಗೆಯುತ್ತಿದ್ದರು. ಒಂದು ಕಾಲಿಗೇ ಕಾಲು ಗಂಟೆ ಹಿಡಿಯಿತು. ನಮ್ಮಪ್ಪನ ಕೊನೆಗಾಲದಲ್ಲಿ ಈ ಕೆಲಸಕ್ಕೆ ನಾನು ಒಬ್ಬ ಹುಡುಗನನ್ನು ಗೊತ್ತು ಮಾಡಿದ್ದೆ. ಅದು ನೆನಪಾಗಿ ಕಿಟಕಿ ಕಡೆ ನೋಡಿದೆ.

ಕ್ಯಾಥೋಲಿಕರು ಇದನ್ನು ದೈವಕರೆ ಅನ್ನುತ್ತಾರೆ. ಹುಟ್ಟುಹಬ್ಬಕ್ಕೆ ಕೇಕ್ ತಂದು ಅಜ್ಜಿಯರ ಜೊತೆ ಫೋಟೋ ತೆಗೆಸಿಕೊಳ್ಳುವ ನಮ್ಮ ಸೇವೆಯನ್ನು ನಾನು ಆಡಿಕೊಳ್ಳಲ್ಲ, ನಾನೂ ಮಾಡಿದ್ದೇನೆ. ನಾವು ನಾಲ್ಕು ಗಂಟೆಗೆ ಮನೆಗೆ ಹೊರಡುತ್ತೇವೆ. ಇವರಿಗೆ ಅದೇ ಮನೆ. ಯಾರಾದರೂ ಸಾಯುವ ಹೊತ್ತಿಗೆ ಬಂದರೆ ರಾತ್ರಿಯೆಲ್ಲ ಸರದಿ ಮೇಲೆ ಪಕ್ಕ ಕೂರುತ್ತಾರೆ, ಒಬ್ಬರನ್ನೇ ಬಿಡಲ್ಲ. ಮನೆಗೊಂದೇ ಮಗು ಇರುವ ಈ ಕಾಲದಲ್ಲಿ ಇಂಥ ಕೆಲಸಕ್ಕೆ ಇನ್ನು ಯಾರು ಮಗಳನ್ನು ಕಳಿಸುತ್ತಾರೋ. ನಾನಂತೂ ನನ್ನ ಮಗಳನ್ನು ಕಳಿಸಲ್ಲ. ಸುಳ್ಳು ಯಾಕೆ ಹೇಳಲಿ.

ಅಣ್ಣಯ್ಯ ನನ್ನ ಹತ್ತಿರ ದೂರು ಹೇಳಿದ. "ಚಿಕ್ಕ ಯಜಮಾನ್ರೇ, ಸಾರಿಗೆ ಉಪ್ಪೇ ಹಾಕಲ್ಲ. ಎಲೆ ಅಡಿಕೆನೂ ಕೊಡಲ್ಲ."

"ಬಿಪಿ ಎಷ್ಟಿದೆ ಹೇಳು ಅವರಿಗೆ" ಅಂದರು ಸಿಸ್ಟರ್, ತಲೆ ಎತ್ತದೆ.

ಹೊರಡುವಾಗ ಗೇಟಿನ ತನಕ ಬಂದರು. ನಾನು ಯಾರ ಮಗ ಅಂತ ಅಣ್ಣಯ್ಯ ಆಗಲೇ ಹೇಳಿದ್ದ.

"ನಿಮ್ಮದು ಈಗಲೂ ಈರುಳ್ಳಿ ವ್ಯಾಪಾರಾನಾ?"

"ಇಲ್ಲ ಸಿಸ್ಟರ್, ಅಂಗಡಿ ಮುಚ್ಚಿದ್ವಿ. ನಾನು ಆಫೀಸ್ ಕೆಲಸ."

"ಓ" ಅಂದರು. ಸ್ವಲ್ಪ ನಿರಾಸೆ ಆದ ಹಾಗಿತ್ತು. ಆಮೇಲೆ ಅದೇ ನಗು. "ಗುರ್ತಿನವರು ಯಾರಾದ್ರೂ ಇದ್ರೆ ಹೇಳಿ. ಬೆಳ್ಳುಳ್ಳಿ ಆದ್ರೂ ಪರವಾಗಿಲ್ಲ."